ನರ್ಸ್ ಮೊದಲು ಏನು ಮಾಡಬೇಕು?

ಪಂಪಾವತಿಗೆ ಉತ್ತರ ಗೊತ್ತಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಓದುವವರು ಅವಳನ್ನು ದಡ್ಡಿ ಎಂದುಕೊಂಡಾರು. ನರ್ಸಿಂಗ್ ಡಿಪ್ಲೊಮಾದಲ್ಲಿ ಕಾಲೇಜಿಗೇ ಎರಡನೆಯವಳಾಗಿ ಪಾಸಾದವಳು, ಹೊಸಪೇಟೆಯ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಐದು ವರ್ಷ ದುಡಿದವಳು, ಎಂಥ ಸೊರಗಿದ ಕೈಯಲ್ಲೂ ಮೊದಲ ಸಲಕ್ಕೇ ನರ ಹಿಡಿದು ಸೂಜಿ ಹಾಕುವವಳು. ಅಂಥವಳು ದಿನಾ ಬೆಳಿಗ್ಗೆ ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತು, ಮೊಬೈಲಿನಲ್ಲಿ ಮಾದರಿ ಪರೀಕ್ಷೆ ಬರೆಯುತ್ತ, ಒಂದೇ ಬಗೆಯ ಪ್ರಶ್ನೆಯಲ್ಲಿ ಒಂದೇ ತಪ್ಪನ್ನು ಮಾಡುತ್ತಿದ್ದಳು.

ಪ್ರಶ್ನೆ ಇಂಗ್ಲಿಷಿನಲ್ಲಿರುತ್ತಿತ್ತು. ಕನ್ನಡದಲ್ಲಿ ಹೇಳಿದರೆ ಇಷ್ಟೇ: ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾದ ರೋಗಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟತೊಡಗಿದೆ, ನರ್ಸ್ ಮೊದಲು ಏನು ಮಾಡಬೇಕು? ಕೆಳಗೆ ನಾಲ್ಕು ಉತ್ತರ. ಡಾಕ್ಟರಿಗೆ ತಿಳಿಸಬೇಕು. ರೋಗಿಯನ್ನು ಎಬ್ಬಿಸಿ ಕೂರಿಸಿ ಆಕ್ಸಿಜನ್ ಕೊಡಬೇಕು. ಬಿ.ಪಿ. ನೋಡಿ ಬರೆದಿಡಬೇಕು. ಮನೆಯವರಿಗೆ ಧೈರ್ಯ ಹೇಳಬೇಕು. ಸರಿಯಾದದ್ದು ಎರಡನೆಯದು, ಅದಕ್ಕೆ ನರ್ಸಿಂಗ್ ಓದಿರಲೇಬೇಕೆಂದೂ ಇಲ್ಲ. ಪಂಪಾವತಿಯ ಕಣ್ಣು ಎರಡನೆಯದರ ಮೇಲೆ ನಿಲ್ಲುತ್ತಿತ್ತು, ಹೆಬ್ಬೆರಳು ಹೋಗಿ ಮೊದಲನೆಯದನ್ನು ಒತ್ತುತ್ತಿತ್ತು. ಪರದೆ ಕೆಂಪಗಾಗುತ್ತಿತ್ತು. ರೋಗಿ ಬದಲಾದರೂ, ಕಾಯಿಲೆ ಬದಲಾದರೂ, ‘ಡಾಕ್ಟರಿಗೆ ತಿಳಿಸಬೇಕು’ ಎಂಬ ಸಾಲು ಎಲ್ಲಿ ಕಂಡರೂ ಅವಳ ಬೆರಳು ಅಲ್ಲಿಗೇ ಓಡುತ್ತಿತ್ತು.

ಕಮಲಾಪುರ ದಾಟುವಷ್ಟರಲ್ಲಿ ಪರೀಕ್ಷೆ ಮುಗಿದು, ನೂರಕ್ಕೆ ಐವತ್ತೆಂಟು ಎಂದು ತೋರಿಸುತ್ತಿತ್ತು. ಪಾಸಾಗಲು ಅರವತ್ತೈದು ಬೇಕು. ಅವಳು ಮೊಬೈಲನ್ನು ಬ್ಯಾಗಿಗೆ ಹಾಕಿ ಕಿಟಕಿಯಾಚೆಯ ಬಾಳೆತೋಟ ನೋಡುತ್ತ ಕೂರುತ್ತಿದ್ದಳು. ಬೇಸರವೂ ಆಗುತ್ತಿರಲಿಲ್ಲ. ಹತ್ತು ತಿಂಗಳಿಂದ ಅವಳಿಗೆ ಬೇಸರವಾಗಲಿ, ಸಿಟ್ಟಾಗಲಿ, ಹಸಿವಾಗಲಿ ಸರಿಯಾಗಿ ಬಂದದ್ದಿಲ್ಲ. ಬೆಳಿಗ್ಗೆ ಚಹಾ ಕುಡಿದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಯೋಚಿಸಿದರೆ ನೆನಪಾಗುತ್ತಿರಲಿಲ್ಲ. ಹೀಗಿರುವುದು ಅವಳಿಗೆ ಅನುಕೂಲವಾಗಿಯೇ ಇತ್ತು ಎಂದರೆ ನಂಬಬೇಕು.

ಅವಳು ಬರೆಯಬೇಕಿದ್ದದ್ದು ಗಲ್ಫ್ ದೇಶದಲ್ಲಿ ನರ್ಸ್ ಕೆಲಸಕ್ಕೆ ಬೇಕಾದ ಲೈಸೆನ್ಸ್ ಪರೀಕ್ಷೆ. ಬೆಂಗಳೂರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. ಒಮ್ಮೆ ಬರೆದು ಫೇಲಾಗಿದ್ದಳು, ಎರಡನೆಯದಕ್ಕೆ ಒಂದು ತಿಂಗಳಿತ್ತು. ದುಡಿಮೆಯ ಆಸೆಗೆ ಹೊರಟಿದ್ದಾಳೆ ಎಂದು ವಾರ್ಡಿನವರೂ ಓಣಿಯವರೂ ಮಾತಾಡಿಕೊಂಡರು, ಅವಳೂ ಹೌದೆಂದೇ ಹೇಳುತ್ತಿದ್ದಳು. ನಿಜವಾದ ಕಾರಣ ವಾರ್ಡಿನ ಆರನೆಯ ನಂಬರಿನ ಮಂಚ. ಅದರ ಮೇಲೆ ಹತ್ತು ತಿಂಗಳ ಹಿಂದೆ ಅವಳ ಅಪ್ಪ ಹೊನ್ನೂರಪ್ಪ ಸತ್ತಿದ್ದ, ಅದೂ ಅವಳ ಡ್ಯೂಟಿಯಲ್ಲೇ. ಅದೇ ಮಂಚಕ್ಕೆ ದಿನಾ ಬೆಳಿಗ್ಗೆ ಅವಳೇ ಚಾದರ ಬದಲಿಸಬೇಕಿತ್ತು. ಆ ಮಂಚ ಇಲ್ಲದ ಊರು ಯಾವುದಾದರೂ ಸರಿ, ಅಲ್ಲಿ ಸುಡುವ ಬಿಸಿಲಿದ್ದರೂ ಸರಿ. ಬಿಸಿಲಿಗೆ ಕಂಪ್ಲಿಯವರನ್ನು ಯಾರೂ ಹೆದರಿಸಬೇಕಾಗಿಲ್ಲ.

ಜೊತೆಗೆ ಓದಿದ ಸಂಡೂರಿನ ಶೈಲಜಾ ಇದೇ ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿ, ಪರೀಕ್ಷೆ ಪಾಸಾಗಿ ಮಸ್ಕತ್ತಿಗೆ ಹೋಗಿದ್ದಳು. ಪಂಪಾವತಿ ತನ್ನ ಐವತ್ತೆಂಟನ್ನು ಅವಳಿಗೆ ಕಳಿಸಿದಾಗ ವಾಟ್ಸ್ಯಾಪಿನಲ್ಲಿ ದನಿ ಬಂತು.

"ಲೇ ಪಂಪಾ, ನಿಂಗ ಬರಾಂಗಿಲ್ಲ ಅಂತಲ್ಲ. ನೀ ಇನ್ನಾ ನಮ್ಮ ವಾರ್ಡಿನ್ಯಾಗ ನಿಂತು ಉತ್ತರ ಕೊಡಾಕತ್ತೀಯ. ಪರೀಕ್ಷಾದಾಗ ಹೇಮಾವತಿ ಸಿಸ್ಟರ್ ಇರಾಂಗಿಲ್ಲ, ತಿಳೀತಾ? ಒಂದ್ ಕೆಲಸ ಮಾಡು. ಪ್ರಶ್ನೀನ ಕನ್ನಡದಾಗ ಮಾಡಿ ಅವ್ವಗ ಓದಿ ಹೇಳು. ಬಾಯಿಬಿಟ್ಟು ಹೇಳಿದ್ರ ತಲ್ಯಾಗ ಕುಂದ್ರತೈತಿ."

ಹೇಮಾವತಿ ಸಿಸ್ಟರ್ ವಾರ್ಡಿನ ಮುಖ್ಯಸ್ಥೆ. ಕೆಟ್ಟವಳೇನಲ್ಲ, ಹುಡುಗಿಯರ ಊಟದ ಡಬ್ಬಿ ಖಾಲಿಯಿದ್ದರೆ ತನ್ನದರಲ್ಲಿ ಅರ್ಧ ಕೊಡುವವಳು. ಆದರೆ ಆಕೆಯದು ಒಂದೇ ಮಂತ್ರ: ಸರ್‌ಗೆ ಫೋನ್ ಮಾಡದೆ ಪೇಷಂಟಿಗೆ ಕೈ ಹಚ್ಚಬ್ಯಾಡ್ರಿ. ಮೂರು ವರ್ಷದ ಹಿಂದೆ ಹೊಸ ಹುಡುಗಿಯೊಬ್ಬಳು ಕೇಳದೆ ಡ್ರಿಪ್ ಹಾಕಿದ್ದಕ್ಕೆ ಡಾಕ್ಟರು ಇಡೀ ವಾರ್ಡಿಗೆ ಕೇಳುವಂತೆ ಅವಳ ಜನ್ಮ ಜಾಲಾಡಿದ್ದರು, ಅವಳು ಅಂದೇ ಬ್ಯಾಗು ತಗೊಂಡು ಹೋದವಳು ತಿರುಗಿ ಬರಲಿಲ್ಲ. "ನಾವ್ ಬರೇ ಕೈ ಅದೀವಿ, ತಲಿ ಅವರು" ಎಂದು ಹೇಮಾವತಿ ಅಂದಿನಿಂದ ಎಲ್ಲರಿಗೂ ಹೇಳಿಕೊಟ್ಟಳು. ಈ ಮೂರು ವರ್ಷದಲ್ಲಿ ಪಂಪಾವತಿಯ ಕೈ ಈ ಪಾಠವನ್ನು ಚೆನ್ನಾಗಿ ಕಲಿತಿತ್ತು. ಪರೀಕ್ಷೆ ಮಾಡುವವರು ಎಲ್ಲೋ ದೂರದಲ್ಲಿ ಕೂತು, ನರ್ಸಿಗೂ ಒಂದು ತಲೆ ಇರುತ್ತದೆ ಎಂದು ನಂಬಿ ಪ್ರಶ್ನೆ ಬರೆದಿದ್ದರು. ತೊಂದರೆ ಇದ್ದದ್ದು ಅಲ್ಲೇ.

ಶೈಲಜಾಳ ಮಾತಿನಂತೆ ಪಂಪಾವತಿ ಅವ್ವನಿಗೆ ಪ್ರಶ್ನೆ ಓದತೊಡಗಿದಳು. ಅವ್ವ ಎರ್ರೆಮ್ಮ ಕಂಪ್ಲಿಯ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಬೇಯಿಸಿದ ಭತ್ತ ಹರವಿ, ಕಾಲಾಡಿಸಿ, ಒಣಗಿಸುವ ಕೂಲಿ. ಸಹಿ ಮಾಡಲು ಬಾರದು, ಹೆಬ್ಬೆಟ್ಟು. ಸಂಜೆ ಬಂದು ಕೈಕಾಲು ತೊಳೆದು, ಹೊಸ್ತಿಲ ಹತ್ತಿರ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತ ಕೂರುತ್ತಿದ್ದಳು. ಮಗಳು ಗೋಡೆಗೊರಗಿ ಓದುತ್ತಿದ್ದಳು.

ಎರ್ರೆಮ್ಮನಿಗೆ ಅವು ಪ್ರಶ್ನೆಗಳೆಂದು ಅನಿಸಲೇ ಇಲ್ಲ. ಪ್ರತಿ ರೋಗಿಯೂ ಎಲ್ಲೋ ಇರುವ ಮನುಷ್ಯನೇ. "ಅರವತ್ತು ವರ್ಷದ ಹೆಣ್ಣುಮಗಳು, ಸಕ್ಕರೆ ಕಾಯಿಲೆ" ಎಂದು ಮಗಳು ಶುರು ಮಾಡಿದರೆ "ಯಾವೂರಾಕಿ?" ಎಂದು ಕೇಳಿದಳು.

"ಊರು ಬರದಿಲ್ಲವ್ವ. ಮೈ ಬೆವತು ನಡುಗಾಕತ್ತಾಳ. ಏನು ಮಾಡಬೇಕು ಮೊದಲು?"

"ಸಕ್ರಿ ನೀರು ಕುಡಸು. ಗಿರಣ್ಯಾಗ ಚೆನ್ನಬಸಮ್ಮಗ ಹಂಗ ಆಗತಿರತೈತಿ. ಅಕಿ ಸೆರಗಿನ್ಯಾಗ ಬೆಲ್ಲ ಕಟ್ಟಿಗಂಡೇ ಇರ್ತಾಳ."

ಸರಿಯುತ್ತರ ಅದೇ. ಮರುದಿನ ಇನ್ನೊಂದು: ಅಪಘಾತವಾಗಿ ಇಬ್ಬರು ಒಟ್ಟಿಗೆ ಬಂದಿದ್ದಾರೆ. ಒಬ್ಬ ಕಾಲು ಮುರಿದುಕೊಂಡು ಕೂಗಾಡುತ್ತಿದ್ದಾನೆ, ಇನ್ನೊಬ್ಬ ಗಾಯ ಕಾಣದಿದ್ದರೂ ಸುಮ್ಮನೆ ಮಲಗಿದ್ದಾನೆ. ನರ್ಸ್ ಮೊದಲು ಯಾರ ಕಡೆ ಹೋಗಬೇಕು?

"ಸುಮ್ಮನ ಮಲಗ್ಯಾನಲ್ಲ, ಆತನ ಕಡೆ ಹೋಗು" ಎಂದಳು ಎರ್ರೆಮ್ಮ, ಒಂದು ಕಲ್ಲನ್ನು ಹೊರಗೆ ಎಸೆದು. "ಒದರಾವ್ನಿಗೆ ಉಸುರೈತಿ."

ಇದೂ ಸರಿ. ಹತ್ತರಲ್ಲಿ ಎಂಟು ಸರಿ. ಇಂಗ್ಲಿಷೊಂದು ಬಂದಿದ್ದರೆ ಮಗಳಿಗಿಂತ ಮೊದಲು ಅವ್ವನೇ ವಿಮಾನ ಹತ್ತುತ್ತಿದ್ದಳೇನೋ. ಪಂಪಾವತಿ ಇದನ್ನು ಶೈಲಜಾಳಿಗೆ ಬರೆದಳು, ಅವಳು ನಗುವ ಮುಖಗಳನ್ನು ಸಾಲಾಗಿ ಕಳಿಸಿದಳು. ತಾನೂ ನಗಬೇಕಾದ ಜಾಗ ಇದು ಎಂದು ಪಂಪಾವತಿಗೆ ತಿಳಿಯಿತು. ನಗು ಮಾತ್ರ ಬರಲಿಲ್ಲ.

ಒಂದು ಸಂಜೆ ಆ ಉಸಿರು ಕಟ್ಟುವ ರೋಗಿಯ ಪ್ರಶ್ನೆ ಬಂತು. ದಾಟಿಸಿ ಮುಂದೆ ಹೋಗಬಹುದಿತ್ತು. ಆದರೆ ದನಿ ಬದಲಿಸದೆ ಅದನ್ನೂ ಓದಿದಳು. ಎರ್ರೆಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ಎಬ್ಬಿಸಿ ಕುಂದ್ರಸು" ಎಂದಳು. "ಅಂಗಾತ ಮಲಗಿದ್ರ ಉಸುರು ಹೆಂಗ ಆಡತೈತಿ?"

"ಡಾಕ್ಟರಿಗೆ ಫೋನು?"

"ಅದನ್ನ ಆಮ್ಯಾಲ ಹಚ್ಚು."

ಪಂಪಾವತಿ ಮುಂದಿನ ಪ್ರಶ್ನೆಗೆ ಹೋದಳು. ಅದು ಕೂಸಿನ ಲಸಿಕೆಯದು.

ಹತ್ತು ತಿಂಗಳ ಹಿಂದೆ ಆದದ್ದು ಇಷ್ಟು. ಹೊನ್ನೂರಪ್ಪನ ಕರುಳಿಗೆ ತೂತು ಬಿದ್ದು ಆಪರೇಷನ್ ಆಗಿತ್ತು. ಮಗಳು ಕೆಲಸ ಮಾಡುವ ಜಾಗವೇ ಇರುವಾಗ ಬೇರೆ ಕಡೆ ಯಾಕೆ ಎಂದು ಅಲ್ಲೇ ಸೇರಿಸಿದ್ದರು. ಎರಡನೆಯ ದಿನ ಅವನು ಚೇತರಿಸಿಕೊಂಡು, ಬೀಡಿ ಸಿಗುವುದೇ ಎಂದು ಕೇಳುವಷ್ಟು ಹುಷಾರಾಗಿದ್ದ. ಸಂಜೆ ಆರೂವರೆ, ಮನೆಯವರು ಬಂದು ಮಾತಾಡಿಸುವ ಹೊತ್ತು. ಪಂಪಾವತಿ ಇಂಜೆಕ್ಷನ್ ಕೋಣೆಯಲ್ಲಿದ್ದಾಗ "ಪಂಪೀ, ಬಾರ ಇಲ್ಲಿ" ಎಂದು ಅವ್ವನ ದನಿ ಕೇಳಿತು. ಹೋಗಿ ನೋಡಿದರೆ ಅಪ್ಪ ಕೆಮ್ಮುತ್ತಿದ್ದ, ಕೆಮ್ಮು ಪೂರ್ತಿ ಹೊರಬರುತ್ತಿರಲಿಲ್ಲ, ತುಟಿ ಕಪ್ಪಿಡುತ್ತಿತ್ತು.

ಮಂಚದ ಕಾಲಕಡೆ ತಲೆಭಾಗ ಎತ್ತುವ ಹಿಡಿಕೆ ಇತ್ತು. ಆಕ್ಸಿಜನ್ ಸಿಲಿಂಡರು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಪಂಪಾವತಿ ಜೇಬಿನಿಂದ ಮೊಬೈಲು ತೆಗೆದು ಡಾಕ್ಟರಿಗೆ ಹಚ್ಚಿದಳು.

ಡಾಕ್ಟರು ಸಂಡೂರಿನಲ್ಲಿ ಯಾರದೋ ಮದುವೆ ಆರತಕ್ಷತೆಯಲ್ಲಿದ್ದರು. ಆ ದಿನಗಳಲ್ಲಿ ಯಾರಿಗೆ ಫೋನು ಹಚ್ಚಿದರೂ ಮೊದಲು ಒಬ್ಬ ಹೆಂಗಸು, ಮೋಸಗಾರರಿದ್ದಾರೆ, ಅಪರಿಚಿತರಿಗೆ ನಿಮ್ಮ ಓಟಿಪಿ ಹೇಳಬೇಡಿ ಎಂದು ನಿಧಾನವಾಗಿ ಬುದ್ಧಿ ಹೇಳಿ ಮುಗಿಸುವವರೆಗೆ ಆ ಕಡೆ ರಿಂಗಾಗುತ್ತಿರಲಿಲ್ಲ. ಪಂಪಾವತಿ ಆ ಬುದ್ಧಿವಾದವನ್ನು ಹನ್ನೊಂದು ಸಲ ಕೇಳಿದಳು. ಹನ್ನೊಂದನೆಯ ಸಲ ಡಾಕ್ಟರು ಎತ್ತಿಕೊಂಡರು.

"ತಲೆ ಎತ್ತಿ ಕೂರಿಸಿ ಆಕ್ಸಿಜನ್ ಹಾಕಮ್ಮ. ಇಷ್ಟೂ ಗೊತ್ತಾಗಲ್ವಾ?" ಎಂದರು.

ಅವಳು ಹಿಡಿಕೆ ತಿರುಗಿಸುವ ಹೊತ್ತಿಗೆ ಕೆಮ್ಮು ನಿಂತಿತ್ತು. ಆಮೇಲೆ ಎಲ್ಲವನ್ನೂ ಮಾಡಿದಳು, ಎದೆ ಒತ್ತಿದಳು, ಹೇಮಾವತಿಯೂ ಓಡಿ ಬಂದಳು. ಕೇಸ್ ಶೀಟಿನಲ್ಲಿ ಹೃದಯ ನಿಂತು ಮರಣ ಎಂದು ಬರೆದರು. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ, ಹಾಗೆ ಬರೆದರೆ ಸುಳ್ಳಂತೂ ಆಗುವುದಿಲ್ಲ. ಮಗಳಾಗಿದ್ದೂ ಎಷ್ಟು ಗಟ್ಟಿಯಾಗಿ ನಿಂತಳು ನೋಡು ಎಂದು ಬಂದವರು ಹೊಗಳಿದರು. ಮಣ್ಣಿಗೆ ಹೋದಾಗಲೂ ಪಂಪಾವತಿ ಅಳಲಿಲ್ಲ. ಹನ್ನೊಂದು ಫೋನಿನ ಮಾತನ್ನು ಅವ್ವನಿಗೂ ಹೇಳಲಿಲ್ಲ, ಶೈಲಜಾಳಿಗೂ ಹೇಳಲಿಲ್ಲ. ಎರಡನೆಯ ಉತ್ತರವನ್ನು ಒತ್ತಿದರೆ ಅದನ್ನು ಒಪ್ಪಿಕೊಂಡ ಹಾಗೆ ಎಂದು ಅವಳಿಗೆ ಒಳಗೊಳಗೇ ಅನಿಸುತ್ತಿತ್ತು. ಮೊದಲನೆಯದೇ ಸರಿ ಇರಬಾರದೇ ಎಂದು ಬೆರಳು ದಿನಾ ಹೋಗಿ ಕೇಳಿ ಬರುತ್ತಿತ್ತು.

ಪರೀಕ್ಷೆಗೆ ಹತ್ತು ದಿನವಿತ್ತು. ಅಂಕ ಅರವತ್ತನ್ನು ದಾಟಿರಲಿಲ್ಲ. ಭಾನುವಾರ ಗಿರಣಿಗೂ ರಜೆ, ಅವಳಿಗೂ ವಾರದ ರಜೆ. ಮಧ್ಯಾಹ್ನ ಎರ್ರೆಮ್ಮ ಮೊರದ ಮುಂದೆ ಕೂತಿದ್ದಳು, ಪಂಪಾವತಿ ಓದಿದಳು.

"ಹೊಟ್ಟೆ ಆಪರೇಷನ್ ಆದವಗ ಬಾಯಿಗೆ ಏನೂ ಕೊಡಬಾರದಂತ ಹೇಳ್ಯಾರ. ಆದ್ರ ಮನಿಯವ್ರು ಕದ್ದು ತಿನಸೋದು ನರ್ಸಿಗೆ ಕಂಡೈತಿ. ಮೊದಲು ಏನು ಮಾಡಬೇಕು?"

ಎರ್ರೆಮ್ಮನ ಕೈ ಅಕ್ಕಿಯಲ್ಲಿ ನಿಂತಿತು.

"ಏನು ತಿನಸಿದ್ರಂತ?"

"ಅದು ಬರದಿಲ್ಲವ್ವ."

"ಪುಟಾಣಿ ಸಕ್ರಿ ಏನು?"

ಪಂಪಾವತಿ ಮೊಬೈಲನ್ನು ತೊಡೆಯ ಮೇಲಿಟ್ಟಳು.

ಅವರ ಮನೆಯಲ್ಲಿ ಒಂದು ನಡಾವಳಿ ಇತ್ತು. ಹೊನ್ನೂರಪ್ಪ ಹುಟ್ಟಿದ್ದೇ ಹೊನ್ನೂರು ಸ್ವಾಮಿಯ ದರ್ಗಾಕ್ಕೆ ಹರಕೆ ಹೊತ್ತ ಮೇಲೆ, ಹೆಸರೂ ಅಲ್ಲಿಯದೇ. ಮನೆಯಲ್ಲಿ ಯಾರಿಗೆ ಜಡ್ಡಾದರೂ ಒಬ್ಬರು ದರ್ಗಾಕ್ಕೆ ಹೋಗಿ ಸಕ್ಕರೆ ಪುಟಾಣಿಯ ಮೇಲೆ ಫಾತಿಹಾ ಓದಿಸಿಕೊಂಡು ಬರಬೇಕು, ತಂದ ದಿನವೇ ದೀಪ ಹಚ್ಚುವುದರೊಳಗೆ ಅದು ಜಡ್ಡಾದವರ ಬಾಯಿಗೆ ಬೀಳಬೇಕು. ಕಾಗದದ ಪೊಟ್ಟಣದಲ್ಲೇ ರಾತ್ರಿ ಕಳೆಯಿತೆಂದರೆ ಸ್ವಾಮಿಯನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಹಿಂದೆ ಜ್ವರ, ಕಾಮಾಲೆ, ಬಾಣಂತನ ಎಲ್ಲಕ್ಕೂ ಹಾಗೇ ಮಾಡಿದ್ದರು, ಎಲ್ಲರೂ ಎದ್ದು ಓಡಾಡಿದ್ದರು.

"ನಿಮ್ಮ ಕಾಕ ಪಾಲಪ್ಪ ಅವತ್ತು ಬೆಳಿಗ್ಗೆ ಹೋಗಿ ಓದಿಸಿಗೊಂಡು ಬಂದಿದ್ದ" ಎಂದಳು ಎರ್ರೆಮ್ಮ. ದನಿ ಅಕ್ಕಿಯ ಬೆಲೆ ಹೇಳಿದಂತೆ ಇತ್ತು. "ಬಾಯಿಗೆ ಏನೂ ಕೊಡಬ್ಯಾಡ ಅಂತ ನೀ ಹೇಳಿದ್ದಿ. ನೆನಪಿತ್ತು. ಇದು ತಿನ್ನೋದಲ್ಲ, ಪ್ರಸಾದ ಅಂತ ನಾ ತಿಳಕಂಡೆ. ಹೊತ್ತು ಮುಣಗಾಕತ್ತಿತ್ತು. ಚಿಟಿಕಿ ಹಾಕಬೇಕಿತ್ತು, ಜಲ್ದಿ ಆರಾಮಾಗ್ಲಿ ಅಂತ ಮುಷ್ಟಿ ಹಾಕಿದೆ. ನೆತ್ತಿ ಹತ್ತಿತು. ಯಾರೋ ನೆನಸ್ಯಾರ ತಗ ಅಂತ ನಾ ನಕ್ಕೆ. ಆತನೂ ನಕ್ಕ. ಆಮ್ಯಾಲ ನಿನ್ನ ಕರದೆ."

ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಯಿತು. ಅದು ಪೂರ್ತಿ ದಾಟುವವರೆಗೆ ಎರ್ರೆಮ್ಮ ಕಾದಳು.

"ಅದರಿಂದ ಆತೇನು? ನೀ ನರ್ಸು, ನಿಂಗ ಗೊತ್ತಿರತೈತಿ."

ಪಂಪಾವತಿಗೆ ಗೊತ್ತಿತ್ತು. ಒಣ ಪುಟಾಣಿ, ಹೊಲಿಗೆ ನೋವಿಗೆ ಕೆಮ್ಮಲಾಗದ ಮನುಷ್ಯ, ಅಂಗಾತ ಮಲಗಿದ ಮೈ. ಪುಸ್ತಕದಲ್ಲಿ ಇದಕ್ಕೆ ಒಂದು ಇಡೀ ಪುಟ ಇತ್ತು. ಹತ್ತಕ್ಕೆ ಒಂಬತ್ತು ಪಾಲು ಅದರಿಂದಲೇ. ಆ ಕ್ಷಣ ಅವಳಿಗೆ ಅನಿಸಿದ್ದನ್ನು ಮುಚ್ಚಿಡಬಾರದು: ಅವಳಿಗೆ ಹಗುರವಾಯಿತು. ಹಾಗಾದರೆ ನಾನಲ್ಲ, ಎಂದುಕೊಂಡಳು. ಹತ್ತು ತಿಂಗಳಲ್ಲಿ ಅವಳಿಗೆ ಸ್ಪಷ್ಟವಾಗಿ ಅನಿಸಿದ ಮೊದಲ ಸಂಗತಿಯೇ ಇಷ್ಟು ಕೀಳಾದದ್ದಾಗಿತ್ತು.

"ಹಂಗಂತ ಹೇಳಾಕ ಬರಾಂಗಿಲ್ಲವ್ವ" ಎಂದಳು. ವಾರ್ಡಿನಲ್ಲಿ ರೋಗಿಗಳ ಮನೆಯವರಿಗೆ ಹೇಳುವ ಮಾತು, ಅದೇ ದನಿಯಲ್ಲಿ ಬಂತು.

ಎರ್ರೆಮ್ಮ ಎದ್ದು ಮೊರ ಗೋಡೆಗೆ ಒರಗಿಸಿ ಒಲೆಯ ಕಡೆ ಹೋದಳು.

ಮರುದಿನ ಬಸ್ಸಿನಲ್ಲಿ ಪಂಪಾವತಿಗೆ ಎಪ್ಪತ್ತನಾಲ್ಕು ಬಂತು. ಅದರ ಮರುದಿನ ಎಪ್ಪತ್ತೆಂಟು. ಬೆರಳು ಎರಡನೆಯ ಉತ್ತರಕ್ಕೆ ಹೋಗಲು ಈಗ ಅಂಜುತ್ತಿರಲಿಲ್ಲ. ಎಬ್ಬಿಸಿ ಕೂರಿಸಬೇಕು, ಹೌದು, ಖಂಡಿತ, ಅದರಲ್ಲೇನಿದೆ? ಯಾರನ್ನೋ ಎಬ್ಬಿಸದೆ ಬಿಟ್ಟ ನರ್ಸ್ ಬೇರೆ ಯಾವಳೋ ಇರಬೇಕು. ಶೈಲಜಾ ಅಂಕ ನೋಡಿ ಮಸ್ತ್ ಎಂದು ಬರೆದಳು, ನಾ ಹೇಳಿದ ಉಪಾಯ ಹೆಂಗೈತಿ ಎಂದು ಕೇಳಿದಳು. ಚೆನ್ನಾಗಿದೆ ಎಂದು ಪಂಪಾವತಿ ಉತ್ತರಿಸಿದಳು.

ಅವ್ವ ಮಾತ್ರ ಪ್ರಶ್ನೆಗೆ ಉತ್ತರ ಹೇಳುವುದನ್ನು ಬಿಟ್ಟಿದ್ದಳು. "ನನ್ನ ಕೇಳಬ್ಯಾಡ, ನಂಗೇನು ತಿಳೀತೈತಿ" ಎನ್ನುತ್ತಿದ್ದಳು. ಮೊದಲು ಎರಡು ರೊಟ್ಟಿ ಉಣ್ಣುತ್ತಿದ್ದವಳು ಒಂದಕ್ಕೆ ಇಳಿದಳು, ಆಮೇಲೆ ಅರ್ಧಕ್ಕೆ. ಮಾತಾಡುತ್ತ ನಡುವೆ ಸುಮ್ಮನಾಗಿಬಿಡುತ್ತಿದ್ದಳು. ಗಿರಣಿಯ ಚೆನ್ನಬಸಮ್ಮ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕು, "ನಿಮ್ಮವ್ವ ಬಿಸಲಾಗ ನಿಂತಲ್ಲೇ ನಿಂದ್ರತಾಳ, ಯಾಕಂತ ಕೇಳು" ಎಂದಳು. ಪಂಪಾವತಿ ಇದೆಲ್ಲವನ್ನೂ ಗಮನಿಸಿದಳು, ವಾರ್ಡಿನಲ್ಲಿ ಗಮನಿಸುವ ಹಾಗೆಯೇ. ಊಟ ಅರ್ಧ ರೊಟ್ಟಿ. ನಿದ್ದೆ ಕಡಿಮೆ. ಮಾತು ಕಡಿಮೆ. ಚೀಟಿ ಇದ್ದಿದ್ದರೆ ಬರೆದೂ ಇಡುತ್ತಿದ್ದಳು. ಕೇಳಲಿಲ್ಲ. ಕೇಳಿದರೆ ಆ ಹಗುರವನ್ನು ವಾಪಸು ಕೊಡಬೇಕಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಪರೀಕ್ಷೆ ಮುಗಿಯಲಿ ಎಂದು ನೆಪ ಹೇಳಿಕೊಂಡಳು.

ಬೆಂಗಳೂರಿನ ಸೆಂಟರಿನಲ್ಲಿ ವಾಚು, ಓಲೆ, ಕೂದಲ ಪಿನ್ನು ಎಲ್ಲ ಬಿಚ್ಚಿಸಿ ಒಳಗೆ ಬಿಟ್ಟರು. ತಣ್ಣನೆಯ ಕೋಣೆ, ಸಾಲಾಗಿ ಕಂಪ್ಯೂಟರು, ಪಕ್ಕದಲ್ಲಿ ಕೇರಳದ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ಪಂಪಾವತಿ ಪ್ರಾರ್ಥಿಸಲಿಲ್ಲ. ಒಂದರ ಹಿಂದೊಂದು ಒತ್ತುತ್ತ ಹೋದಳು. ಆ ಉಸಿರು ಕಟ್ಟುವ ರೋಗಿ ನಡುವಿನಲ್ಲೆಲ್ಲೋ ಬಂದ, ಈ ಸಲ ಅವನಿಗೆ ಐವತ್ತೈದು ವರ್ಷ, ಹೊನ್ನೂರಪ್ಪನದೇ ವಯಸ್ಸು. ಐದು ಸೆಕೆಂಡು ಕೂಡ ಬೇಕಾಗಲಿಲ್ಲ. ಹೊರಗೆ ಬಂದು ಓಲೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.

ಮೂರನೆಯ ದಿನ ಮಧ್ಯಾಹ್ನ ಮೊಬೈಲಿಗೆ ಮೇಲ್ ಬಂತು. ಪಾಸ್. ಪಂಪಾವತಿ ಅದನ್ನು ಎರಡು ಸಲ ಓದಿ, ಹೇಮಾವತಿ ಸಿಸ್ಟರಿಗೆ ತೋರಿಸಿದಳು. ಆಕೆ ತಬ್ಬಿಕೊಂಡು, ಡಬ್ಬಿಯಲ್ಲಿದ್ದ ಶೇಂಗಾ ಉಂಡಿಯನ್ನು ಅವಳ ಬಾಯಿಗೆ ಹಾಕಿ, ಅರ್ಧ ದಿನದ ರಜೆಯನ್ನೂ ಕೊಟ್ಟಳು. ಕಂಪ್ಲಿಯಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಗಿರಣಿಗೆ ನಡೆದಳು.

ನಾಲ್ಕರ ಬಿಸಿಲಿಗೆ ಸಿಮೆಂಟಿನ ಅಂಗಳ ಇನ್ನೂ ಕಾದಿತ್ತು. ಬೇಯಿಸಿದ ಭತ್ತದ ಹುಳಿ ವಾಸನೆ ಎಲ್ಲ ಕಡೆ ಹಬ್ಬಿತ್ತು. ಹೆಂಗಸರು ಆಚೆ ತುದಿಯಲ್ಲಿ ಚಹಾಕ್ಕೆ ಕೂತಿದ್ದರು. ಎರ್ರೆಮ್ಮ ಒಬ್ಬಳೇ ಸೀರೆ ಎತ್ತಿ ಕಟ್ಟಿ, ಭತ್ತದಲ್ಲಿ ಕಾಲೆಳೆಯುತ್ತ ಸಾಲು ಬಿಡಿಸುತ್ತಿದ್ದಳು.

"ಪಾಸಾದೆವ್ವ" ಎಂದಳು ಪಂಪಾವತಿ.

"ಚಲೋ ಆತು." ಎರ್ರೆಮ್ಮ ನಿಂತಳು. ಮಗಳ ಮುಖ ನೋಡಿದಳು. "ಹಂಗಾರ ಇನ್ನ ನೀ ದೊಡ್ಡ ನರ್ಸು. ಅಲ್ಲಿಯವ್ರೂ ಒಪ್ಪಿಗೆಂಡ್ರು."

"ಹೂಂ."

"ಈಗರ ಹೇಳು. ಅವತ್ತು ಹೇಳಾಕ ಬರಾಂಗಿಲ್ಲ ಅಂದಿ, ನನ್ನ ಮನಸ್ಸಿಗೆ ಹತ್ತಬಾರದಂತ ಅಂದಿರಬೇಕು. ನಾ ಏನೂ ಮಾಡಿಗಣಾಂಗಿಲ್ಲ, ಅಂಜಬ್ಯಾಡ. ನಿಮ್ಮಪ್ಪನ್ನ ನಾ ಕೊಂದೆನೇನು?"

ಇಲ್ಲ ಎಂದು ಒಂದೇ ಮಾತು ಹೇಳಿ, ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಆ ಇಲ್ಲ ಸುಳ್ಳಾಗಿರುತ್ತಿತ್ತು, ಅವ್ವ ನಂಬುತ್ತಲೂ ಇರಲಿಲ್ಲ. ಹೌದು ಎಂದರೆ ಅದು ಅದಕ್ಕಿಂತ ದೊಡ್ಡ ಸುಳ್ಳು. ಪಂಪಾವತಿ ಭತ್ತದ ಅಂಚಿನಲ್ಲಿ ನಿಂತೇ ಮಾತಾಡಿದಳು.

"ಪುಟಾಣಿ ಉಸುರಿನ ಕೊಳವ್ಯಾಗ ಸಿಕ್ಕೈತವ್ವ. ಸಿಕ್ಕಿರಬೇಕು. ಆದ್ರ ಸಿಕ್ಕಾವ್ರೆಲ್ಲಾ ಸಾಯಾಂಗಿಲ್ಲ. ನೀ ಕರದಾಗ ಆತನ ಜೀವ ಇತ್ತು. ಎಬ್ಬಿಸಿ ಕುಂದ್ರಿಸಿ, ಬಗ್ಗಿಸಿ ಬೆನ್ನಿಗೆ ಬಡದು, ಆಕ್ಸಿಜನ್ ಹಚ್ಚಿದ್ರ ಉಳದಿದ್ರೂ ಉಳೀತಿದ್ದ. ಅದು ನನ್ನ ಕೆಲಸ. ನಾ ಅದನ್ನ ಬಿಟ್ಟು ಸರ್‌ಗೆ ಫೋನ್ ಹಚ್ಚಿಗೋಂತ ನಿಂತೆ. ಹನ್ನೊಂದು ಸಲ ಹಚ್ಚಿದೆ."

ಹೇಳಿ ಮುಗಿಸಿದ ಮೇಲೆ ಅವ್ವ ಬಯ್ಯಲಿ ಎಂದು ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ನೋಡೀನಲ್ಲ" ಎಂದಳು ಎರ್ರೆಮ್ಮ. "ನಾ ಅಲ್ಲೇ ಇದ್ನೆಲ್ಲ, ಮಂಚದ ಬಾಜುಕ."

ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಅದಕ್ಕೆ ಏನೂ ಅಂಟಿರಲಿಲ್ಲ.

"ನನಗೂ ಅನಸಿತ್ತು, ಎಬ್ಬಿಸಿ ಕುಂದ್ರಸಬೇಕಂತ. ಬೆನ್ನಿಗೆ ಕೈಯೂ ಹಾಕಿದ್ದೆ. ಮಗಳು ಓದಿದಾಕಿ ನಿಂತಾಳ, ಅಕಿ ಹೇಳಲಾರದ ಮುಟ್ಟಬಾರದಂತ ಕೈ ತಗದೆ. ನೀ ಅವರ ದಾರಿ ನೋಡಿದಿ, ನಾ ನಿನ್ನ ದಾರಿ ನೋಡಿದೆ. ನಿಮ್ಮಪ್ಪ ಇಬ್ಬರನ್ನೂ ನೋಡಿಗೋಂತ ಮಲಗಿದ್ದ."

ಪಂಪಾವತಿ ಕಾದ ಸಿಮೆಂಟಿನ ಮೇಲೆ ಕುಸಿದು ಕೂತಳು. ಹೊಟ್ಟೆಯೊಳಗಿಂದ ಎದ್ದದ್ದು ಅಳುವೋ ಕೆಮ್ಮೋ ತಿಳಿಯಲಿಲ್ಲ. ಮುಂದಕ್ಕೆ ಬಾಗಿದಳು, ಹಣೆ ಭತ್ತಕ್ಕೆ ತಾಗಿತು, ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ, ಬಾಯಿ ತೆರೆದರೂ ದನಿ ಹೊರಡಲಿಲ್ಲ. ಆಚೆ ತುದಿಯಿಂದ ಚೆನ್ನಬಸಮ್ಮ ಏನಾಯಿತೆಂದು ಕೂಗಿ ಕೇಳಿದಳು. ಎರ್ರೆಮ್ಮ ಅವಳಿಗೆ ಉತ್ತರ ಕೊಡಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಭತ್ತದಲ್ಲಿ ಮೊಣಕಾಲೂರಿ, ಮಗಳ ಕಂಕುಳಿಗೆ ಎರಡೂ ಕೈ ಹಾಕಿ, ಅವಳನ್ನು ಎತ್ತಿ ನೆಟ್ಟಗೆ ಕೂರಿಸಿದಳು.